ಕಾಪಾಡುವವರು ಬಂದಾಗ ಶುರುವಾಗುವ ಭಯ: ವರ್ಣಭೇದದ ಕಥೆ ಹೇಳುವ ಹಾರರ್ ಸಿನಿಮಾಗಳನ್ನು ನೋಡುವುದು ಹೇಗೆ?

ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇದೆ. "‘ಗೆಟ್ ಔಟ್’ ನೋಡಿದೆ, ಚೆನ್ನಾಗಿತ್ತು. ಆದರೆ ಜನ ಅದನ್ನು ಅಷ್ಟೊಂದು ಹೊಗಳುವುದು ಯಾಕೆ?" "ಅಮೆರಿಕದ ವರ್ಣಭೇದದ ಬಗ್ಗೆ ಹಾರರ್ ಸಿನಿಮಾಗಳಿವೆಯಂತೆ, ಯಾವುದರಿಂದ ಶುರು ಮಾಡಲಿ?" "ಪೂರ್ತಿ ನೋಡಿದೆ, ಭಯಾನೇ ಆಗಲಿಲ್ಲ. ನನಗೇನೋ ತಪ್ಪಿಹೋಯಿತಾ?" ಮೂರಕ್ಕೂ ಇಲ್ಲಿ ಒಟ್ಟಿಗೆ ಉತ್ತರ ಬರೆದಿದ್ದೇನೆ.

ಮೊದಲೇ ಒಂದು ಮಾತು. ಈ ಸಿನಿಮಾಗಳು ಕೊನೆಯಲ್ಲಿ ಏನು ಮಾಡುತ್ತವೆ ಎನ್ನುವುದೇ ಮುಖ್ಯ. ಹಾಗಾಗಿ ಹೆಚ್ಚಿನ ಕೊನೆಗಳನ್ನು ಇಲ್ಲಿ ಹೇಳಿಬಿಟ್ಟಿದ್ದೇನೆ. ಹಂತ 2ರಿಂದ ಮುಂದೆ ‘ನೋಡಿದ ಮೇಲೆ’ ಎಂದು ಇರುವ ಕಡೆ ಓದುವುದನ್ನು ನಿಲ್ಲಿಸಿ. ಸಿನಿಮಾ ನೋಡಿ, ವಾಪಸ್ ಬನ್ನಿ.

ಏನೇನು ಬೇಕು

ಐದು ಸಿನಿಮಾ. ನೋಡಬೇಕಾದ ಕ್ರಮ ಇದು: ‘ನೈಟ್ ಆಫ್ ದ ಲಿವಿಂಗ್ ಡೆಡ್’ (1968), ‘ಗೆಟ್ ಔಟ್’ (2017), ‘ಕ್ಯಾಂಡಿಮ್ಯಾನ್’ (1992), ‘ಹಿಸ್ ಹೌಸ್’ (2020), ‘ಸಿನ್ನರ್ಸ್’ (2025). ಐದೂ ಸೇರಿದರೆ ಒಂಬತ್ತು ಗಂಟೆಗಿಂತ ಸ್ವಲ್ಪ ಕಡಿಮೆ. ಆದರೂ ವಾರಕ್ಕೆ ಒಂದು ಸಾಕು. ಎರಡೇ ದಿನದಲ್ಲಿ ಎಲ್ಲ ಮುಗಿಸಿದರೆ ರಕ್ತ ಮಾತ್ರ ನೆನಪಿರುತ್ತದೆ.

ಸಬ್‌ಟೈಟಲ್ ಹಾಕಿಕೊಳ್ಳಿ. ಮಾತಿನ ನಡುವೆ ಸುಮ್ನೆ ಹಾದುಹೋಗುವ ಒಂದೊಂದು ಸಾಲಿನಲ್ಲೇ ಅರ್ಧ ಕಥೆ ಇರುತ್ತದೆ. ಮೊಬೈಲಿನಲ್ಲಿ ನೋಡಬೇಡಿ, ಕತ್ತಲಿನ ದೃಶ್ಯಗಳು ಏನೂ ಕಾಣುವುದಿಲ್ಲ. ಐದರಲ್ಲೂ ಹಿಂಸೆ ಇದೆ, ಮಕ್ಕಳ ಜೊತೆ ಬೇಡ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಪ್ರತಿ ಸಿನಿಮಾ ಮುಗಿದ ತಕ್ಷಣ ಎರಡೇ ಪ್ರಶ್ನೆಗೆ ಉತ್ತರ ಬರೆಯಿರಿ. ಒಂದು, ಕಾಪಾಡುವವರು ಬಂದಾಗ ಏನಾಯಿತು? ಎರಡು, ಯಾರ ಮಾತನ್ನು ಯಾರೂ ನಂಬಲಿಲ್ಲ?

ಮೊದಲ ಪ್ರಶ್ನೆಯೇ ಈ ಲೇಖನದ ಬೀಗದ ಕೈ. ಸಾಮಾನ್ಯ ಹಾರರ್ ಸಿನಿಮಾದಲ್ಲಿ ಬೆಳಗಾಯಿತು ಎಂದರೆ ಭಯ ಮುಗಿಯಿತು. ಪೊಲೀಸ್ ಬಂದರು ಎಂದರೆ ಭಯ ಮುಗಿಯಿತು. ಈ ಸಿನಿಮಾಗಳಲ್ಲಿ ಹಾಗಲ್ಲ. ಕಾಪಾಡುವವರು ಎಲ್ಲರನ್ನೂ ಕಾಪಾಡುವುದಿಲ್ಲ ಎಂದು ಚೆನ್ನಾಗಿ ಗೊತ್ತಿರುವ ಜನರ ಭಯ ಇದು.

ಹಂತ 1: ನಾಲ್ಕು ಪದಗಳ ಹಿಂದಿನ ಚರಿತ್ರೆ ತಿಳಿದುಕೊಳ್ಳಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ‘ಭಯಾನೇ ಆಗಲಿಲ್ಲ’ ಎನ್ನುವವರಲ್ಲಿ ಹೆಚ್ಚಿನವರು ಈ ಹಂತವನ್ನು ಹಾರಿಸಿರುತ್ತಾರೆ.

ಜಿಮ್ ಕ್ರೋ: ಅಮೆರಿಕದಲ್ಲಿ ಗುಲಾಮಗಿರಿ 1865ರಲ್ಲಿ ಕಾನೂನಿನ ಪ್ರಕಾರ ಮುಗಿಯಿತು. ಆಮೇಲೆ ದಕ್ಷಿಣದ ರಾಜ್ಯಗಳು ಶಾಲೆ, ರೈಲು, ಹೋಟೆಲ್, ಮತಗಟ್ಟೆ ಎಲ್ಲ ಕಡೆ ಕಪ್ಪು ಜನರನ್ನು ದೂರ ಇಡುವ ಕಾನೂನು ಮಾಡಿದವು. ಆ ಇಡೀ ವ್ಯವಸ್ಥೆಗೆ ಈ ಹೆಸರು. 1964 ಮತ್ತು 1965ರ ನಾಗರಿಕ ಹಕ್ಕು ಮತ್ತು ಮತದಾನದ ಹಕ್ಕಿನ ಕಾಯ್ದೆಗಳು ಬರುವ ತನಕ ಅದು ನಡೆಯಿತು.

ಲಿಂಚಿಂಗ್: ಕೋರ್ಟು, ವಿಚಾರಣೆ ಯಾವುದೂ ಇಲ್ಲದೆ ಗುಂಪು ಕಟ್ಟಿಕೊಂಡು ಮನುಷ್ಯನನ್ನು ಕೊಲ್ಲುವುದು. ಇದು ಗುಟ್ಟಾಗಿ ನಡೆಯುತ್ತಿತ್ತು ಎಂದುಕೊಳ್ಳಬೇಡಿ. ಜನ ನೋಡಲು ಸೇರುತ್ತಿದ್ದರು. ಫೋಟೊ ತೆಗೆದು ಪೋಸ್ಟ್‌ಕಾರ್ಡ್ ಮಾಡಿ ಮಾರಿದ್ದೂ ಇದೆ. ಆ ನಿಜವಾದ ಫೋಟೊಗಳನ್ನು ಕುತೂಹಲಕ್ಕೆ ಹುಡುಕಲು ಹೋಗಬೇಡಿ ಎಂದು ಕೇಳಿಕೊಳ್ಳುತ್ತೇನೆ. ಇಂಥದ್ದು ಇತ್ತು ಎಂದು ಗೊತ್ತಿದ್ದರೆ ಸಾಕು.

ಕ್ಲಾನ್: ಪೂರ್ತಿ ಹೆಸರು ಕು ಕ್ಲಕ್ಸ್ ಕ್ಲಾನ್. ಮುಖ ಮುಚ್ಚುವ ಟೊಪ್ಪಿಗೆ ಹಾಕಿ ಕಪ್ಪು ಜನರನ್ನು ಬೆದರಿಸುತ್ತಿದ್ದ, ಕೊಲ್ಲುತ್ತಿದ್ದ ಬಿಳಿಯರ ಸಂಘಟನೆ. ಇಲ್ಲಿ ಒಂದು ಸಿನಿಮಾದ ಹೆಸರು ಹೇಳಲೇಬೇಕು. 1915ರಲ್ಲಿ ಡಿ. ಡಬ್ಲ್ಯು. ಗ್ರಿಫಿತ್ ‘ದ ಬರ್ತ್ ಆಫ್ ಎ ನೇಷನ್’ ಮಾಡಿದ. ಅದರಲ್ಲಿ ಮುಖಕ್ಕೆ ಕಪ್ಪು ಬಳಿದುಕೊಂಡ ಬಿಳಿಯ ನಟನೊಬ್ಬ ಬಿಳಿಯ ಹುಡುಗಿಯ ಬೆನ್ನು ಹತ್ತುತ್ತಾನೆ. ಕೊನೆಯಲ್ಲಿ ಕುದುರೆ ಏರಿ ಬಂದು ಎಲ್ಲರನ್ನೂ ಕಾಪಾಡುವವರು ಯಾರು ಗೊತ್ತಾ? ಕ್ಲಾನ್‌ನವರು! ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ ಇದ್ದಾಗ ಅದನ್ನು ಶ್ವೇತಭವನದಲ್ಲೇ ತೋರಿಸಿದರು. ತಣ್ಣಗಾಗಿದ್ದ ಕ್ಲಾನ್ ಅದೇ ವರ್ಷ ಮತ್ತೆ ಎದ್ದಿತು. ಕಪ್ಪು ಮನುಷ್ಯನೇ ರಾಕ್ಷಸ, ಅವನನ್ನು ಕೊಲ್ಲಲು ಬರುವವರೇ ರಕ್ಷಕರು. ನೀವು ನೋಡಲಿರುವ ಐದು ಸಿನಿಮಾಗಳಲ್ಲಿ ಹೆಚ್ಚಿನವು ಈ ಒಂದು ಚಿತ್ರದ ಜೊತೆ ಜಗಳ ಆಡುತ್ತಿವೆ.

ಝಾಂಬಿ: ಈ ಪದ ಮಾಂಸ ತಿನ್ನುವ ಹೆಣದಿಂದ ಶುರುವಾದದ್ದಲ್ಲ. ಇದರ ಬೇರು ಕೆರಿಬಿಯನ್ ಸಮುದ್ರದ ದೇಶ ಹೈಟಿಯಲ್ಲಿದೆ. ಅಲ್ಲಿನ ಕಬ್ಬಿನ ತೋಟಗಳಲ್ಲಿ ದುಡಿದ ಗುಲಾಮರ ಮಟ್ಟಿಗೆ ದೊಡ್ಡ ಭಯ ಸಾವಲ್ಲ. ಸತ್ತ ಮೇಲೂ ಎಬ್ಬಿಸಿ ದುಡಿಸುತ್ತಾರೆ ಎನ್ನುವುದೇ ಭಯ. 1915ರಿಂದ 1934ರ ತನಕ ಅಮೆರಿಕದ ಸೈನ್ಯ ಹೈಟಿಯನ್ನು ಹಿಡಿದಿಟ್ಟುಕೊಂಡಿತ್ತು. ಆ ಕಾಲದಲ್ಲೇ, 1932ರಲ್ಲಿ, ‘ವೈಟ್ ಝಾಂಬಿ’ ಬಂತು. ಅದರಲ್ಲಿ ಝಾಂಬಿಗಳು ಸಕ್ಕರೆ ಗಿರಣಿ ತಿರುಗಿಸುತ್ತಾರೆ. ಆದರೆ ಸಿನಿಮಾ ಕಣ್ಣೀರು ಹಾಕುವುದು ಒಬ್ಬ ಬಿಳಿಯ ಹೆಂಗಸಿಗಾಗಿ ಮಾತ್ರ.

ಹಂತ 2: 1968ರಿಂದ ಶುರು ಮಾಡಿ

‘ಗೆಟ್ ಔಟ್’ನಿಂದ ಶುರು ಮಾಡಿ ಎಂದು ಹೆಚ್ಚಿನವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಜಾರ್ಜ್ ರೊಮೆರೊ ಮಾಡಿದ ‘ನೈಟ್ ಆಫ್ ದ ಲಿವಿಂಗ್ ಡೆಡ್’ ಮೊದಲು ನೋಡಿ. ಬಿಡುಗಡೆಯ ಹೊತ್ತಿಗೆ ಸಿನಿಮಾದ ಹೆಸರು ಬದಲಾಯಿಸಿದರು. ಹೊಸ ಹೆಸರಿನ ಜೊತೆ ಹಾಕಬೇಕಿದ್ದ ಹಕ್ಕುಸ್ವಾಮ್ಯದ ಸೂಚನೆ ಬಿಟ್ಟುಹೋಯಿತು. ಹಾಗಾಗಿ ಅಮೆರಿಕದಲ್ಲಿ ಅದು ಯಾರ ಸ್ವತ್ತೂ ಅಲ್ಲ. ಸುಲಭವಾಗಿ ಸಿಗುತ್ತದೆ. ಮಸುಕಾದ ಪ್ರತಿಗಳು ಜಾಸ್ತಿ, ಸ್ವಲ್ಪ ಹುಡುಕಿ ಒಳ್ಳೆಯದನ್ನು ಆರಿಸಿಕೊಳ್ಳಿ.

ಪೆನ್ಸಿಲ್ವೇನಿಯಾದ ಒಂದು ಒಂಟಿ ಮನೆ. ಹೊರಗೆ ಎದ್ದು ನಡೆಯುವ ಹೆಣಗಳು. ಒಳಗೆ ಏಳು ಜನ. ಮುಂದಾಳು ಬೆನ್, ಕಪ್ಪು ಮನುಷ್ಯ. ಆ ಪಾತ್ರ ಮಾಡಿದವನು ಡ್ವೇನ್ ಜೋನ್ಸ್. ಅವನ ಬಣ್ಣದ ಬಗ್ಗೆ ಇಡೀ ಸಿನಿಮಾದಲ್ಲಿ ಯಾರೂ ಒಂದು ಮಾತೂ ಆಡುವುದಿಲ್ಲ. ಅದನ್ನು ಗಮನಿಸಿ ನೋಡಿ.

ನೋಡಿದ ಮೇಲೆ: ಬೆನ್ ಇಡೀ ರಾತ್ರಿ ಬದುಕಿ ಉಳಿದ. ಬೆಳಗಾಯಿತು. ನಾಯಿಗಳ ಸದ್ದು, ಬಂದೂಕಿನ ಸದ್ದು ಕೇಳಿಸಿತು. ಷೆರಿಫ್, ಅಂದರೆ ಅಲ್ಲಿನ ಪೊಲೀಸ್ ಮುಖ್ಯಸ್ಥ, ಊರಿನ ಗಂಡಸರನ್ನು ಕಟ್ಟಿಕೊಂಡು ಹೆಣಗಳನ್ನು ಸುಡುತ್ತಾ ಬರುತ್ತಿದ್ದಾನೆ. ಬೆನ್ ಕಿಟಕಿಯ ಹತ್ತಿರ ಬರುತ್ತಾನೆ. ಅವರು ಅವನ ಹಣೆಗೆ ಗುಂಡು ಹೊಡೆಯುತ್ತಾರೆ. ಆಮೇಲೆ ಬರುವುದು ಚಲಿಸುವ ಚಿತ್ರ ಅಲ್ಲ, ಪತ್ರಿಕೆಯ ಫೋಟೊಗಳಂಥ ನಿಂತ ಚಿತ್ರಗಳು. ಮಾಂಸದ ಕೊಕ್ಕೆ ಹಿಡಿದ ಗಂಡಸರು. ಬೆಂಕಿ. ಹಂತ 1ರಲ್ಲಿ ಹೇಳಿದ ಫೋಟೊಗಳು ನೆನಪಾದವು ಅಲ್ವಾ?

ಚಿತ್ರಕಥೆಯಲ್ಲಿ ಬೆನ್‌ನ ಬಣ್ಣ ಬರೆದಿರಲಿಲ್ಲ. ಆಡಿಷನ್‌ನಲ್ಲಿ ಜೋನ್ಸ್ ಎಲ್ಲರಿಗಿಂತ ಚೆನ್ನಾಗಿ ಮಾಡಿದ, ಅವನನ್ನೇ ತೆಗೆದುಕೊಂಡರು ಎಂದು ರೊಮೆರೊ ಹೇಳುತ್ತಿದ್ದ. ಸಿನಿಮಾ ಮುಗಿಸಿ, ಮಾರಲು ಕಾರಿನಲ್ಲಿ ನ್ಯೂಯಾರ್ಕ್‌ಗೆ ಹೋಗುವಾಗ ಕಪ್ಪು ಜನರ ಹಕ್ಕಿನ ಹೋರಾಟದ ನಾಯಕ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಕೊಂದ ಸುದ್ದಿ ರೇಡಿಯೊದಲ್ಲಿ ಕೇಳಿಸಿತು ಎಂದೂ ಹೇಳಿದ್ದಾನೆ. ಅದು 1968ರ ಏಪ್ರಿಲ್ 4. ಸಿನಿಮಾ ತೆರೆಗೆ ಬಂದದ್ದು ಅದೇ ಅಕ್ಟೋಬರ್‌ನಲ್ಲಿ. ನೋಡಿದ ಜನ ಆ ಕೊನೆಯ ಫೋಟೊಗಳನ್ನು ಹೇಗೆ ನೋಡಿರಬಹುದು ಎಂದು ಒಂದು ನಿಮಿಷ ಯೋಚಿಸಿ.

ಇಲ್ಲಿ ಎಡವುವ ಜಾಗ ಎರಡು. ‘ನಿರ್ದೇಶಕ ಉದ್ದೇಶಪಟ್ಟು ಮಾಡಿಲ್ಲ, ಹಾಗಾಗಿ ಅರ್ಥವೇ ಇಲ್ಲ’ ಎನ್ನುವುದು ಒಂದು. ಆ ನಟ, ಆ ವರ್ಷ, ಆ ಬಂದೂಕು ಸೇರಿದ ಮೇಲೆ ಅರ್ಥ ಯಾರ ಅಪ್ಪಣೆಗೂ ಕಾಯುವುದಿಲ್ಲ. ಇನ್ನೊಂದು, ಬೆನ್‌ನನ್ನು ತಪ್ಪೇ ಮಾಡದ ದೇವರನ್ನಾಗಿ ಮಾಡುವುದು. ನೆಲಮಾಳಿಗೆಗೆ ಹೋಗೋಣ ಎಂದು ಮನೆಯೊಳಗಿದ್ದ ಕೂಪರ್ ಎಂಬವನು ಹಟ ಹಿಡಿದಾಗ ಬೆನ್ ಬೇಡ ಎಂದ. ಕೊನೆಗೆ ಬೆನ್ ಜೀವ ಉಳಿಸಿಕೊಂಡದ್ದು ಅದೇ ನೆಲಮಾಳಿಗೆಯಲ್ಲಿ. ಅವನು ತಪ್ಪು ಮಾಡಬಲ್ಲ ಮನುಷ್ಯ. ಅದಕ್ಕೇ ಅವನ ಸಾವು ಅಷ್ಟು ನೋಯಿಸುತ್ತದೆ.

ಹಂತ 3: ‘ಗೆಟ್ ಔಟ್’ ಎರಡು ಸಲ ನೋಡಿ

ಜೋರ್ಡನ್ ಪೀಲ್ ನಿರ್ದೇಶಿಸಿದ ಮೊದಲ ಸಿನಿಮಾ ಇದು. ಸುಮಾರು 45 ಲಕ್ಷ ಡಾಲರ್ ಖರ್ಚಿನಲ್ಲಿ ಮಾಡಿದ್ದು ಜಗತ್ತಿನಾದ್ಯಂತ 25 ಕೋಟಿ ಡಾಲರ್‌ಗೂ ಜಾಸ್ತಿ ಗಳಿಸಿತು. ಮೂಲ ಚಿತ್ರಕಥೆಗೆ ಆಸ್ಕರ್ ಬಂತು. ಆ ವಿಭಾಗದಲ್ಲಿ ಗೆದ್ದ ಮೊದಲ ಕಪ್ಪು ಬರಹಗಾರ ಪೀಲ್. ಕಥೆ ಸರಳ. ಕ್ರಿಸ್ ಎಂಬ ಕಪ್ಪು ಫೋಟೊಗ್ರಾಫರ್ ತನ್ನ ಬಿಳಿಯ ಗೆಳತಿ ರೋಸ್‌ಳ ಅಪ್ಪ ಅಮ್ಮನನ್ನು ನೋಡಲು ಹೋಗುತ್ತಾನೆ.

ಮೊದಲ ಸಲ ಸುಮ್ನೆ ಕಥೆಗಾಗಿ ನೋಡಿ. ಯಾವ ವಿವರಣೆಯ ವೀಡಿಯೊವನ್ನೂ ಮುಂಚೆ ನೋಡಬೇಡಿ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಭಯವನ್ನು ಅನುಭವಿಸುವ ಮೊದಲೇ ಅರ್ಥ ಗೊತ್ತಾಗಿಬಿಟ್ಟರೆ ಸಿನಿಮಾ ಬರೀ ಒಗಟಾಗುತ್ತದೆ.

ನೋಡಿದ ಮೇಲೆ: ಎರಡನೇ ಸಲ ನೋಡುವಾಗ ರಕ್ತ, ಕೊಲೆ ಎಲ್ಲ ಬಿಡಿ. ಮರ್ಯಾದೆಯ ಮಾತುಗಳನ್ನು ಮಾತ್ರ ಹಿಂಬಾಲಿಸಿ. ರೋಸ್‌ಳ ಅಪ್ಪ ಒಬಾಮಾಗೆ ಮೂರನೇ ಸಲವೂ ಮತ ಹಾಕುತ್ತಿದ್ದೆ ಎನ್ನುತ್ತಾನೆ. ತನ್ನ ಅಪ್ಪ 1936ರ ಬರ್ಲಿನ್ ಒಲಿಂಪಿಕ್ಸ್‌ಗೆ ಮುಂಚಿನ ಓಟದಲ್ಲಿ ಕಪ್ಪು ಓಟಗಾರ ಜೆಸ್ಸಿ ಓವೆನ್ಸ್‌ಗೆ ಸೋತಿದ್ದ, ಆ ಸೋಲನ್ನು ಇನ್ನೇನು ಮರೆತೇಬಿಟ್ಟಿದ್ದ ಎನ್ನುತ್ತಾನೆ. ಅತಿಥಿಯೊಬ್ಬಳು ಕ್ರಿಸ್‌ನ ತೋಳನ್ನು ಮುಟ್ಟಿ ನೋಡುತ್ತಾಳೆ. ಯಾರೂ ಬೈಯುವುದಿಲ್ಲ. ಎಲ್ಲರೂ ಹೊಗಳುತ್ತಾರೆ. ಆ ಹೊಗಳಿಕೆ ಸಂತೆಯಲ್ಲಿ ಎತ್ತಿನ ಹಲ್ಲು ನೋಡುವ ಥರದ್ದು. ಆಮೇಲೆ ಬರುವ ಸದ್ದಿಲ್ಲದ ಬಿಂಗೊ ಆಟ ನಿಜವಾಗಿ ಹರಾಜು ಎಂದು ತಿಳಿದ ಮೇಲೆ ಆ ಪ್ರತಿ ಮಾತೂ ಬೇರೆಯಾಗಿ ಕೇಳಿಸುತ್ತದೆ.

ದಾರಿಯಲ್ಲಿ ಜಿಂಕೆಗೆ ಕಾರು ಗುದ್ದುವ ದೃಶ್ಯಕ್ಕೆ ಹೋಗಿ. ಓಡಿಸುತ್ತಿದ್ದವಳು ರೋಸ್. ಆದರೂ ಪೊಲೀಸ್ ಕ್ರಿಸ್‌ನ ಗುರುತಿನ ಚೀಟಿ ಕೇಳುತ್ತಾನೆ. ರೋಸ್ ಜಗಳ ಮಾಡಿ ತಡೆಯುತ್ತಾಳೆ. ಮೊದಲ ಸಲ ಅದು ಪ್ರೀತಿ ಅನಿಸುತ್ತದೆ. ಎರಡನೇ ಸಲ ನಿಮ್ಮನ್ನೇ ಕೇಳಿಕೊಳ್ಳಿ: ಪೊಲೀಸ್ ಆ ಹೆಸರನ್ನು ಬರೆದುಕೊಂಡಿದ್ದರೆ, ಕ್ರಿಸ್ ಕಾಣೆಯಾದ ಮೇಲೆ ಹುಡುಕುವವರಿಗೆ ಎಲ್ಲಿ ಸುಳಿವು ಸಿಗುತ್ತಿತ್ತು?

‘ಸಂಕನ್ ಪ್ಲೇಸ್’ ಎಂಬ ಮಾತು ಈ ಸಿನಿಮಾದಿಂದ ಹೊರಗೂ ಹರಡಿದೆ. ಚಹಾ ಕಪ್ಪಿಗೆ ಚಮಚ ತಾಗಿಸಿ ರೋಸ್‌ಳ ಅಮ್ಮ ಕ್ರಿಸ್‌ನನ್ನು ತಳ್ಳುವ ಕತ್ತಲ ಆಳ ಅದು. ಅಲ್ಲಿ ಅವನಿಗೆ ಎಲ್ಲ ಕಾಣಿಸುತ್ತದೆ, ಕೇಳಿಸುತ್ತದೆ. ಆದರೆ ಅವನ ದೇಹ ಅವನ ಮಾತು ಕೇಳುವುದಿಲ್ಲ. ಕಿರುಚಿದರೆ ಸದ್ದು ಹೊರಗೆ ಬರುವುದಿಲ್ಲ. ಹಂತ 1ರ ಹೈಟಿಯ ಝಾಂಬಿಗೂ ಇದಕ್ಕೂ ಎಷ್ಟು ಹತ್ತಿರದ ನಂಟು ನೋಡಿ. ಅಲ್ಲಿಂದ ತಪ್ಪಿಸಿಕೊಳ್ಳಲು ಅವನಿಗೆ ನೆರವಾದದ್ದು ಕುರ್ಚಿಯೊಳಗಿಂದ ಕಿತ್ತು ಕಿವಿಗೆ ತುರುಕಿಕೊಂಡ ಹತ್ತಿ. ಹತ್ತಿ ಬಿಡಿಸುವುದು ಅಮೆರಿಕದ ಗುಲಾಮರ ದೊಡ್ಡ ದುಡಿಮೆಯಾಗಿತ್ತು.

ಈಗ ಕೊನೆ. ಕ್ರಿಸ್ ರೋಸ್‌ಳ ಮೇಲೆ ಬಗ್ಗಿದ್ದಾನೆ. ಸುತ್ತ ಹೆಣಗಳು. ಕೆಂಪು ನೀಲಿ ದೀಪ ಮಿನುಗುತ್ತದೆ. ಅವನು ಕೈ ಮೇಲೆತ್ತುತ್ತಾನೆ. ನಾನು ಮೊದಲ ಸಲ ನೋಡಿದಾಗ ಆ ದೀಪ ಕಂಡು ಸಮಾಧಾನದ ಉಸಿರು ಬಿಟ್ಟೆ. ಬೆನ್‌ನ ಕಥೆ ನೋಡಿ ಬಂದವರು ಹಾಗೆ ಉಸಿರು ಬಿಡಲಾರರು. ಈ ಕ್ರಮದಲ್ಲಿ ನೋಡಿ ಎಂದದ್ದು ಇದಕ್ಕೇ. ಕಾರಿನ ಬಾಗಿಲು ತೆರೆದಾಗ ಗೆಳೆಯ ರಾಡ್ ಇಳಿಯುತ್ತಾನೆ. ಮುಂಚೆ ಪೊಲೀಸರ ಹತ್ತಿರ ಹೋಗಿ ಎಲ್ಲ ಹೇಳಿದವನು ಅವನೇ, ಅವರು ನಕ್ಕು ಕಳಿಸಿದ್ದರು. ನೋಟ್‌ಬುಕ್ಕಿನ ಎರಡನೇ ಪ್ರಶ್ನೆಗೆ ಉತ್ತರ ಅಲ್ಲಿದೆ. ಪೀಲ್ ಬೇರೊಂದು ಕೊನೆಯನ್ನೂ ಚಿತ್ರೀಕರಿಸಿದ್ದ. ಅದರಲ್ಲಿ ನಿಜವಾದ ಪೊಲೀಸರೇ ಬರುತ್ತಾರೆ, ಕ್ರಿಸ್ ಜೈಲಿಗೆ ಹೋಗುತ್ತಾನೆ. ಸಿಕ್ಕರೆ ಅದನ್ನೂ ನೋಡಿ.

ಹಂತ 4: ‘ಕ್ಯಾಂಡಿಮ್ಯಾನ್’ ನೋಡಿ, ಆದರೆ ಅನುಮಾನದಿಂದ ನೋಡಿ

ಇಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ರಾಬಿನ್ ಆರ್. ಮೀನ್ಸ್ ಕೋಲ್ಮನ್ ಎಂಬ ವಿದ್ವಾಂಸೆ ಇದನ್ನು ಎರಡಾಗಿ ನೋಡುತ್ತಾರೆ. ಕಪ್ಪು ಪಾತ್ರಗಳು ಬಂದುಹೋಗುವ ಹಾರರ್ ಒಂದು. ಕಪ್ಪು ಜನರ ಬದುಕು, ಚರಿತ್ರೆಯೇ ಕೇಂದ್ರವಾಗಿರುವ ಹಾರರ್ ಇನ್ನೊಂದು. 1992ರ ‘ಕ್ಯಾಂಡಿಮ್ಯಾನ್’ ಎರಡರ ನಡುವಿನ ಹೊಸ್ತಿಲಲ್ಲಿ ನಿಂತಿದೆ ಎಂದು ನನ್ನ ಅನಿಸಿಕೆ.

ಬ್ರಿಟಿಷ್ ಲೇಖಕ ಕ್ಲೈವ್ ಬಾರ್ಕರ್ ಬರೆದ, ಇಂಗ್ಲೆಂಡಿನಲ್ಲಿ ನಡೆಯುವ ಕಥೆಯನ್ನು ನಿರ್ದೇಶಕ ಬರ್ನಾರ್ಡ್ ರೋಸ್ ಚಿಕಾಗೊದ ಕ್ಯಾಬ್ರಿನಿ ಗ್ರೀನ್‌ಗೆ ತಂದ. ಅದು ಸರ್ಕಾರ ಬಡವರಿಗೆಂದು ಕಟ್ಟಿಸಿದ ಬಹುಮಹಡಿ ವಸತಿ ಸಮುಚ್ಚಯ. ಅಲ್ಲಿದ್ದವರಲ್ಲಿ ಹೆಚ್ಚಿನವರು ಕಪ್ಪು ಜನ. ಕೊನೆಯ ಗೋಪುರವನ್ನು 2011ರಲ್ಲಿ ಕೆಡವಿದರು. ಕ್ಯಾಂಡಿಮ್ಯಾನ್ ಎಂದರೆ ಗುಲಾಮನ ಮಗ, ಚಿತ್ರಕಾರ. ಬಿಳಿಯ ಹುಡುಗಿಯನ್ನು ಪ್ರೀತಿಸಿದ್ದಕ್ಕೆ ಗುಂಪು ಅವನ ಕೈ ಕತ್ತರಿಸಿ, ಜೇನುನೊಣಗಳಿಂದ ಕಚ್ಚಿಸಿ ಕೊಂದಿತು. ಕನ್ನಡಿಯ ಮುಂದೆ ಐದು ಸಲ ಹೆಸರು ಹೇಳಿದರೆ ಬರುತ್ತಾನೆ.

ನೋಡಿದ ಮೇಲೆ: ಎರಡು ದೃಶ್ಯಕ್ಕೆ ವಾಪಸ್ ಹೋಗಿ. ಸಂಶೋಧಕಿ ಹೆಲೆನ್ ತಾನಿರುವ ದುಬಾರಿ ಅಪಾರ್ಟ್‌ಮೆಂಟ್ ಕೂಡ ಅದೇ ಸರ್ಕಾರಿ ವಸತಿಯ ನಕ್ಷೆಯಲ್ಲಿ ಕಟ್ಟಿದ್ದು ಎಂದು ಕಂಡುಹಿಡಿಯುತ್ತಾಳೆ. ಗೋಡೆಗೆ ಪ್ಲಾಸ್ಟರ್ ಹಚ್ಚಿ ಉಳ್ಳವರಿಗೆ ಮಾರಿದ್ದಾರೆ, ಅಷ್ಟೇ. ಬಾತ್‌ರೂಮಿನ ಕನ್ನಡಿಯ ಹಿಂದೆ ಅದೇ ತೂತು. ಇನ್ನೊಂದು, ಹೆಲೆನ್‌ಳ ಮೇಲೆ ಹಲ್ಲೆ ಆದ ತಕ್ಷಣ ಪೊಲೀಸರು ಇಡೀ ಜಾಗವನ್ನೇ ಮುಚ್ಚಿ ಆರೋಪಿಯನ್ನು ಹಿಡಿಯುತ್ತಾರೆ. ಅಲ್ಲೇ ಮುಂಚೆ ಕೊಲೆಗಳಾದಾಗ ಯಾರೂ ಬಂದಿರಲಿಲ್ಲ. ಕಾಪಾಡುವವರು ಇದ್ದರು. ಬರಲಿಲ್ಲ, ಅಷ್ಟೇ.

ಅನುಮಾನ ಯಾಕೆಂದರೆ, ಕಥೆಯನ್ನು ನೋಡುವ ಕಣ್ಣು ಬಿಳಿಯ ಹೆಂಗಸಿನದು. ಅವಳ ಹಿಂದೆ ಬೀಳುವ ಕಪ್ಪು ಮನುಷ್ಯ ರಾಕ್ಷಸ. 1915ರ ಚಿತ್ರ ಮತ್ತೆ ಬಂದುಬಿಟ್ಟಿತಲ್ಲಾ ಎಂದು ನಿಮಗೆ ಅನಿಸಿದರೆ ಅದು ಸರಿಯಾದ ಅನುಮಾನ. ಟೋನಿ ಟಾಡ್ ಆ ಪಾತ್ರಕ್ಕೆ ತಂದ ಗಾಂಭೀರ್ಯ, ಆ ದನಿ ಸಿನಿಮಾವನ್ನು ಮೇಲೆತ್ತುತ್ತದೆ ಎಂಬುದೂ ಅಷ್ಟೇ ನಿಜ. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳಿ. ಒಂದನ್ನು ಆರಿಸಲೇಬೇಕು ಎಂದೇನಿಲ್ಲ.

ಹಂತ 5: ‘ಮನೆ ಬಿಟ್ಟು ಓಡಬಾರದಾ?’ ಎಂದು ಕೇಳುವುದನ್ನು ನಿಲ್ಲಿಸಿ

ಹಾರರ್ ನೋಡುವಾಗ ಎಲ್ಲರೂ ಕೇಳುವ ಪ್ರಶ್ನೆ ಇದು. ‘ಹಿಸ್ ಹೌಸ್’ ಅದಕ್ಕೆ ಉತ್ತರ ಕೊಡುತ್ತದೆ. ನಿರ್ದೇಶಕ ರೆಮಿ ವೀಕ್ಸ್. ಇದು ಇಂಗ್ಲೆಂಡಿನ ಕಥೆ, ಅಮೆರಿಕದ ಚರಿತ್ರೆಯನ್ನು ಇದರ ಮೇಲೆ ಹೊದಿಸಬೇಡಿ. ದಕ್ಷಿಣ ಸುಡಾನ್‌ನಿಂದ ತಪ್ಪಿಸಿಕೊಂಡು ಬಂದ ಬೋಲ್ ಮತ್ತು ರಿಯಾಲ್ ಎಂಬ ಗಂಡ ಹೆಂಡತಿಗೆ ಸರ್ಕಾರ ಒಂದು ಮನೆ ಕೊಡುತ್ತದೆ. ಕೆಲಸ ಮಾಡುವ ಹಾಗಿಲ್ಲ. ಬೇರೆ ಕಡೆ ಹೋಗುವ ಹಾಗಿಲ್ಲ. ನಿಯಮ ಮುರಿದರೆ ವಾಪಸ್ ಕಳಿಸುತ್ತಾರೆ. ಗೋಡೆಯೊಳಗೆ ಏನೋ ಇದೆ. ದೆವ್ವ ಇದೆ ಎಂದು ಅಧಿಕಾರಿಗೆ ಹೇಳಿದರೆ ಹುಚ್ಚರು ಎನ್ನುತ್ತಾರೆ, ಹೇಳದಿದ್ದರೆ ದೆವ್ವ ಬಿಡುವುದಿಲ್ಲ. ಇಲ್ಲಿ ಮನೆಯೇ ರಕ್ಷಣೆ, ಮನೆಯೇ ಬಲೆ.

ನೋಡಿದ ಮೇಲೆ ರಿಯಾಲ್ ದಾರಿ ತಪ್ಪುವ ದೃಶ್ಯ ನೆನಪಿಸಿಕೊಳ್ಳಿ. ಕಪ್ಪು ಹುಡುಗರು ಸಿಕ್ಕಾಗ ಅವಳ ಮುಖ ಅರಳುತ್ತದೆ. ಆಫ್ರಿಕಾಗೆ ವಾಪಸ್ ಹೋಗು ಎಂದು ಅವಳನ್ನು ಆಡಿಕೊಳ್ಳುವವರು ಅವರೇ. ಬಣ್ಣ ಒಂದೇ ಆದರೆ ಎಲ್ಲರೂ ಒಂದೇ ಕಡೆ ಎಂಬ ಲೆಕ್ಕವನ್ನು ಈ ಒಂದು ದೃಶ್ಯ ಮುರಿದುಹಾಕುತ್ತದೆ. ಉಳಿದ ಗುಟ್ಟನ್ನು ನಾನು ಹೇಳುವುದಿಲ್ಲ.

ಹಂತ 6: ‘ಸಿನ್ನರ್ಸ್’ಗೆ ಒಳ್ಳೆಯ ಸೌಂಡ್ ಬೇಕು

ರಯಾನ್ ಕೂಗ್ಲರ್‌ನ ಈ ಸಿನಿಮಾ ಕೊನೆಗೆ ಇಟ್ಟುಕೊಳ್ಳಿ. 1932, ಮಿಸಿಸಿಪ್ಪಿಯ ಕ್ಲಾರ್ಕ್ಸ್‌ಡೇಲ್. ಜಿಮ್ ಕ್ರೋ ಕಾಲ. ಅವಳಿ ಸಹೋದರರು ಸ್ಮೋಕ್ ಮತ್ತು ಸ್ಟ್ಯಾಕ್ ಒಂದು ಹಳೆಯ ಗಿರಣಿ ಕೊಂಡು ಜೂಕ್ ಜಾಯಿಂಟ್ ತೆರೆಯುತ್ತಾರೆ. ಹಾಗೆಂದರೆ ಕಪ್ಪು ಜನರು ಕುಡಿದು, ಕುಣಿದು, ತಮ್ಮದೇ ಸಂಗೀತವಾದ ಬ್ಲೂಸ್ ಕೇಳುವ ಜಾಗ. ಹತ್ತಿ ಹೊಲದಲ್ಲಿ ದುಡಿದವರಿಗೆ ವಾರಕ್ಕೊಮ್ಮೆ ತಮ್ಮದೇ ಆದ ರಾತ್ರಿ. ಅಲ್ಲಿಗೆ ರಕ್ತ ಹೀರುವವರು ಬರುತ್ತಾರೆ, ಬಾಗಿಲಲ್ಲಿ ನಿಂತು ಒಳಗೆ ಕರೆಯಿರಿ ಎಂದು ಕೇಳುತ್ತಾರೆ.

ನೋಡಿದ ಮೇಲೆ: ರಕ್ತ ಹೀರುವವರ ಮುಂದಾಳು ರೆಮಿಕ್‌ನನ್ನು ಬರೀ ಕೆಟ್ಟವನೆಂದು ಬದಿಗೆ ಸರಿಸಬೇಡಿ. ಅವನು ಐರಿಷ್, ಅವನ ನೆಲವನ್ನೂ ಬೇರೆಯವರು ಕಿತ್ತುಕೊಂಡಿದ್ದಾರೆ. ನಮ್ಮ ಜೊತೆ ಸೇರಿ, ಇಲ್ಲಿ ಭೇದ ಇಲ್ಲ ಎಂದು ಕರೆಯುತ್ತಾನೆ. ಕರೆ ಸುಳ್ಳಲ್ಲ. ಆದರೆ ಬೆಲೆ ಏನೆಂದರೆ ನಿಮ್ಮ ಹಾಡು, ನಿಮ್ಮ ನೆನಪು ಅವನದಾಗಬೇಕು. ಸೇರಿಸಿಕೊಳ್ಳುವುದೂ ಒಂದು ಬಗೆಯ ನುಂಗುವಿಕೆ ಆಗಬಲ್ಲದು ಎಂದು ಇಷ್ಟು ಚೆನ್ನಾಗಿ ತೋರಿಸಿದ ಸಿನಿಮಾ ನಾನು ಬೇರೆ ನೋಡಿಲ್ಲ.

ಸೂರ್ಯ ಹುಟ್ಟುತ್ತಾನೆ. ರಕ್ತ ಹೀರುವವರು ಉರಿದುಹೋಗುತ್ತಾರೆ. ಬೇರೆ ಸಿನಿಮಾ ಆಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಇಲ್ಲಿ ಬೆಳಗಿನ ಬೆಳಕಿನಲ್ಲಿ ಕ್ಲಾನ್‌ನವರು ಬರುತ್ತಾರೆ, ಆ ಗಿರಣಿಯನ್ನು ಮಾರಿದವನೇ ಅವರ ಮುಖಂಡ. 1915ರಲ್ಲಿ ಕುದುರೆ ಏರಿ ಬಂದ ರಕ್ಷಕರು ಈಗ ಯಾರ ಕಣ್ಣಿಗೆ ಹೇಗೆ ಕಾಣುತ್ತಾರೆ ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಜಾಸ್ತಿ ಜನ ಎಡವುವ ಕಡೆಗಳು

ಪ್ರತಿಯೊಂದಕ್ಕೂ ಸಮ ಚಿಹ್ನೆ ಹಾಕಬೇಡಿ. ಝಾಂಬಿ ಎಂದರೆ ಇದು, ಜೇನುನೊಣ ಎಂದರೆ ಅದು ಎಂದು ಪಟ್ಟಿ ಮಾಡಿದರೆ ಸಿನಿಮಾ ಸತ್ತುಹೋಗುತ್ತದೆ. ಭಯ ಎಲ್ಲಿ ಹುಟ್ಟಿತು ಎಂದು ಮೊದಲು ಕೇಳಿ, ಅರ್ಥ ಆಮೇಲೆ ತಾನಾಗಿ ಬರುತ್ತದೆ.

‘ಇದು ನಮ್ಮ ಜಾತಿಯ ಕಥೆಯೇ’ ಎಂದು ತಕ್ಷಣ ಮುಗಿಸಿಬಿಡಬೇಡಿ. ಹೋಲಿಕೆ ಹೊಳೆಯುವುದು ಸಹಜ. ಆದರೆ ಹತ್ತಿ ಹೊಲ, ಲಿಂಚಿಂಗ್, ಚಿಕಾಗೊದ ಗೋಪುರ ಇವುಗಳಿಗೆ ತಮ್ಮದೇ ಚರಿತ್ರೆ ಇದೆ. ಅದನ್ನು ಮೊದಲು ಪೂರ್ತಿ ಕೇಳಿಸಿಕೊಳ್ಳಿ.

ಯಾವ ಕಪ್ಪು ಪಾತ್ರ ಎಷ್ಟನೆಯದಾಗಿ ಸತ್ತಿತು ಎಂದು ಎಣಿಸುವುದರಲ್ಲೇ ನಿಲ್ಲಬೇಡಿ. ಸತ್ತಾಗ ಯಾರು ಅತ್ತರು ಎಂದೂ ನೋಡಿ.

ಹಂತ 7: ಐದೂ ಮುಗಿದ ಮೇಲೆ

ಹಿಂದಕ್ಕೆ ಹೋಗಬೇಕು ಎನ್ನುವವರು ‘ಬ್ಲಾಕ್ಯುಲಾ’ (1972) ನೋಡಿ. ಗುಲಾಮರ ವ್ಯಾಪಾರ ನಿಲ್ಲಿಸಲು ನೆರವು ಕೇಳಿಕೊಂಡು ಆಫ್ರಿಕಾದ ರಾಜಕುಮಾರ ಡ್ರಾಕುಲಾನ ಮನೆಗೆ ಹೋಗುತ್ತಾನೆ. ಆ ಮೊದಲ ದೃಶ್ಯವೇ ಸಾಕು. ಬಿಲ್ ಗನ್‌ನ ‘ಗಾಂಜಾ ಅಂಡ್ ಹೆಸ್’ (1973) ನಿಧಾನದ ಸಿನಿಮಾ, ತಾಳ್ಮೆ ಇದ್ದರೆ ಮಾತ್ರ. ಅದರ ನಾಯಕ ಡ್ವೇನ್ ಜೋನ್ಸ್, ಬೆನ್ ಆಗಿದ್ದವನು. ಪೀಲ್‌ನ ‘ಅಸ್’ (2019) ಬಣ್ಣಕ್ಕಿಂತ ಹೆಚ್ಚಾಗಿ ಇದ್ದವರು ಇಲ್ಲದವರ ಬಗ್ಗೆ ಮಾತಾಡುತ್ತದೆ.

ಒಂದನ್ನೇ ಆರಿಸಬೇಕು ಎಂದರೆ ನಿಯಾ ಡಕೋಸ್ಟಾ ನಿರ್ದೇಶಿಸಿದ 2021ರ ‘ಕ್ಯಾಂಡಿಮ್ಯಾನ್’ ನೋಡಿ. ಹಳೆಯ ಸಿನಿಮಾದ ಬಗ್ಗೆ ನಿಮಗಿದ್ದ ಅನುಮಾನವನ್ನು ಅದೇ ಕೈಗೆತ್ತಿಕೊಳ್ಳುತ್ತದೆ. ಈ ಸಲ ಕಣ್ಣು ಕಪ್ಪು ಜನರದು. ಕೊನೆಯ ಕೆಲವು ನಿಮಿಷ ಮೈಯೆಲ್ಲ ಕಣ್ಣಾಗಿ ನೋಡಿ. ಪೊಲೀಸರು ಬರುತ್ತಾರೆ, ನಾಯಕಿ ಬ್ರಿಯಾನಾಳ ಕಣ್ಣೆದುರೇ ಅವಳ ಗೆಳೆಯನನ್ನು ಗುಂಡಿಟ್ಟು ಕೊಲ್ಲುತ್ತಾರೆ. ಅವಳನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ತಾವು ಹೇಳಿದ ಹಾಗೆ ಸಾಕ್ಷಿ ಹೇಳು ಎನ್ನುತ್ತಾರೆ. ಅವಳು ಒಂದೇ ಒಂದು ಕೋರಿಕೆ ಇಡುತ್ತಾಳೆ. ಕಾರಿನ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳಬೇಕಂತೆ. ಆಮೇಲೆ ಆ ಹೆಸರನ್ನು ಹೇಳಲು ಶುರು ಮಾಡುತ್ತಾಳೆ. ಒಂದು, ಎರಡು, ಮೂರು. ಐದನೆಯದು ಬರಲಿ ಎಂದು ನೀವು ಕಾಯುತ್ತಿದ್ದಿರಾ, ಬಾರದಿರಲಿ ಎಂದಾ? ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.